ಓದಿನಲ್ಲಿ ಹಿಂದೆ ಬಿದ್ದ ಮಗುವಿಗೆ ಶಾಲೆಯ ನೆರವು

ಐದನೆಯ ತರಗತಿಯ ಕೊಠಡಿಯೊಂದರಲ್ಲಿ ಭಾಷಾಪಾಠ ನಡೆಯುತ್ತಿದೆಯೆಂದು ಭಾವಿಸೋಣ. ಶಿಕ್ಷಕರು ಒಂದು ವಾಕ್ಯವನ್ನು ಓದುತ್ತಾರೆ. ಮಕ್ಕಳೆಲ್ಲರೂ ಒಕ್ಕೊರಲಿನಿಂದ ಅದನ್ನು ಪುನರುಚ್ಚರಿಸುತ್ತಾರೆ. ಹಿಂದಿನ ಸಾಲಿನಲ್ಲಿ ಕುಳಿತ ಬಾಲಕನೂ ಉಳಿದವರೊಡನೆ ದನಿಗೂಡಿಸುತ್ತಾನೆ. ಕರಿಹಲಗೆಯ ಮೇಲಿನ ಬರಹವನ್ನು ದುಂಡಗೆ ನಕಲು ಮಾಡಿಕೊಳ್ಳುತ್ತಾನೆ. ಅವನ ಪುಸ್ತಕದಲ್ಲಿ ತಪ್ಪುಗಳಿಲ್ಲ, ಹಾಜರಿಯೂ ಸಾಧಾರಣವಾಗಿದೆ. ಆದರೆ ಅವನನ್ನು ಬಳಿಗೆ ಕರೆದು, ಹಿಂದೆಂದೂ ಕಾಣದ ನಾಲ್ಕು ಸಾಲಿನ ಸರಳ ಕಥೆಯೊಂದನ್ನು ಮುಂದಿರಿಸಿ ಓದಲು ಹೇಳಿದರೆ, ಅವನು ಒಂದೊಂದೇ ಅಕ್ಷರವನ್ನು ತಡವರಿಸಿ ಉಚ್ಚರಿಸಿ, ಎರಡನೆಯ ಪದದಲ್ಲಿಯೇ ನಿಂತುಬಿಡುತ್ತಾನೆ. ನಾಲ್ಕು ವರ್ಷಗಳ ಕಾಲ ಆ ಬಾಲಕ ಶಾಲೆಗೆ ಬಂದಿದ್ದಾನೆ, ಆದರೆ ಕಲಿಕೆ ಮೊದಲನೆಯ ವರ್ಷದಲ್ಲಿಯೇ ನಿಂತಿದೆ. ಇದನ್ನು ಶಾಲೆಯಾಗಲಿ ಮನೆಯವರಾಗಲಿ ಗಮನಿಸಿಲ್ಲ.

ಇಂತಹ ಮಕ್ಕಳು ವಿರಳರಲ್ಲ. 2005ರಿಂದ ದೇಶದ ಗ್ರಾಮೀಣ ಜಿಲ್ಲೆಗಳಲ್ಲಿ ಮನೆಮನೆಗೆ ಹೋಗಿ ಮಕ್ಕಳ ಓದು ಮತ್ತು ಲೆಕ್ಕವನ್ನು ಪರೀಕ್ಷಿಸುತ್ತಿರುವ ‘ಅಸರ್’ ಸಮೀಕ್ಷೆಯ ಪ್ರಕಾರ, ಸರ್ಕಾರಿ ಶಾಲೆಗಳ ಮೂರನೆಯ ತರಗತಿಯ ಮಕ್ಕಳಲ್ಲಿ ಎರಡನೆಯ ತರಗತಿಯ ಮಟ್ಟದ ಪಾಠವನ್ನು ಸರಾಗವಾಗಿ ಓದಬಲ್ಲವರ ಪ್ರಮಾಣ 2018ರಲ್ಲಿ ಶೇಕಡ 20.9 ಇತ್ತು. ಕೋವಿಡ್ ಪಿಡುಗಿನ ಕಾರಣ ಶಾಲೆಗಳು ಮುಚ್ಚಿದ್ದ ಅವಧಿಯ ನಂತರ, 2022ರಲ್ಲಿ, ಅದು ಶೇಕಡ 16.3ಕ್ಕೆ ಕುಸಿಯಿತು. 2024ರಲ್ಲಿ ಶೇಕಡ 23.4ಕ್ಕೆ ಏರಿತು. ಏರಿಕೆ ಸಮಾಧಾನಕರವೇ ಸರಿ; ಆದರೂ ನಾಲ್ವರಲ್ಲಿ ಮೂವರು ಮಕ್ಕಳು ತಮ್ಮ ತರಗತಿಯ ಪಠ್ಯಪುಸ್ತಕವನ್ನು ತಾವೇ ಓದಿಕೊಳ್ಳಲಾರರು ಎಂಬುದೇ ಈ ಅಂಕಿಗಳ ಅರ್ಥ. ಇಷ್ಟು ಮಂದಿ ಮಕ್ಕಳನ್ನು ‘ದಡ್ಡರು’ ಎಂಬ ಒಂದು ಮಾತಿನಲ್ಲಿ ಮುಗಿಸಿಬಿಡುವುದು ನ್ಯಾಯವೂ ಅಲ್ಲ, ಸತ್ಯವೂ ಅಲ್ಲ.

ಹಿಂದೆ ಬೀಳುವುದು ಹೇಗೆ?

ಕಾರಣಗಳು ಹಲವು. ಕೂಲಿಗಾಗಿ ತಂದೆತಾಯಿಗಳು ವರ್ಷದಲ್ಲಿ ಕೆಲವು ತಿಂಗಳು ಊರು ಬಿಡುವುದರಿಂದ ಪಾಠಗಳು ತಪ್ಪಿಹೋಗಬಹುದು. ಮನೆಯ ಭಾಷೆ ಒಂದು, ಶಾಲೆಯ ಭಾಷೆ ಮತ್ತೊಂದು ಆಗಿರಬಹುದು. ಕಣ್ಣು ಅಥವಾ ಕಿವಿಯ ದೋಷವಿದ್ದು, ಅದು ಯಾರ ಗಮನಕ್ಕೂ ಬಾರದೆ ಇರಬಹುದು. ಇವೆಲ್ಲಕ್ಕಿಂತ ವ್ಯಾಪಕವಾದ ಕಾರಣವೊಂದಿದೆ: ಪಾಠವು ಪಠ್ಯಪುಸ್ತಕದ ವೇಗದಲ್ಲಿ ಮುಂದೆ ಸಾಗುತ್ತದೆ, ಮಗುವಿನ ವೇಗದಲ್ಲಲ್ಲ. ಜೂನ್ ತಿಂಗಳಲ್ಲಿ ಕಾಗುಣಿತ ತಪ್ಪಿದ ಮಗುವಿಗೆ ಆಗಸ್ಟಿನ ಒತ್ತಕ್ಷರ ಎಟುಕದು. ಒತ್ತಕ್ಷರ ಬಾರದವನಿಗೆ ಮರುವರ್ಷದ ಪಾಠವೆಲ್ಲವೂ ಮುಚ್ಚಿದ ಬಾಗಿಲು. ಕಲಿಕೆಯ ಕೊರತೆ ಸಾಲದ ಬಡ್ಡಿಯಂತೆ ವರ್ಷದಿಂದ ವರ್ಷಕ್ಕೆ ಬೆಳೆಯುತ್ತದೆ.

ಆದ್ದರಿಂದ ನೆರವಿನ ಮೊದಲ ಹೆಜ್ಜೆ, ಮಗು ಎಲ್ಲಿ ನಿಂತಿದೆ ಎಂಬುದನ್ನು ಖಚಿತವಾಗಿ ಅರಿಯುವುದು. ಇದಕ್ಕೆ ‘ನೈದಾನಿಕ ಪರೀಕ್ಷೆ’ ಎಂದು ಹೆಸರು. ವೈದ್ಯರು ರೋಗನಿದಾನ ಮಾಡುವಂತೆ ಶಿಕ್ಷಕರು ತಪ್ಪಿನ ಮೂಲವನ್ನು ಹುಡುಕುತ್ತಾರೆ. ಅಂಕ ಕೊಡುವುದು ಇದರ ಉದ್ದೇಶವಲ್ಲ. ಒಂದು ಉದಾಹರಣೆ: 42ರಿಂದ 17ನ್ನು ಕಳೆಯಲು ಹೇಳಿದಾಗ ಮಗು 35 ಎಂದು ಬರೆಯಿತೆನ್ನೋಣ. ಉತ್ತರ ತಪ್ಪು, ಆದರೆ ಅದು ಮನಬಂದಂತೆ ಬರೆದ ಉತ್ತರವಲ್ಲ. ನಾಲ್ಕರಲ್ಲಿ ಒಂದು ಹೋದರೆ ಮೂರು, ಏಳರಲ್ಲಿ ಎರಡು ಹೋದರೆ ಐದು ಎಂದು ಮಗು ಪ್ರತಿ ಸ್ಥಾನದಲ್ಲಿಯೂ ದೊಡ್ಡ ಅಂಕಿಯಿಂದ ಚಿಕ್ಕ ಅಂಕಿಯನ್ನು ಕಳೆದಿದೆ. ಅದಕ್ಕೆ ಕಳೆಯುವುದು ಗೊತ್ತು. ಹತ್ತರ ಸ್ಥಾನದಿಂದ ದಶಕವೊಂದನ್ನು ತಂದುಕೊಳ್ಳುವ ಕ್ರಮ ಮಾತ್ರ ಗೊತ್ತಿಲ್ಲ. ಇಂತಹ ಮಗುವಿಗೆ ಇನ್ನೂ ಐವತ್ತು ಲೆಕ್ಕಗಳನ್ನು ಕೊಟ್ಟರೆ ಐವತ್ತನ್ನೂ ಅದೇ ರೀತಿ ತಪ್ಪಾಗಿ ಮಾಡುತ್ತದೆ. ಹತ್ತು ಕಡ್ಡಿಗಳ ಕಟ್ಟೊಂದನ್ನು ಅದರ ಕೈಗೆ ಕೊಟ್ಟು, ಬಿಚ್ಚಿ ಎಣಿಸಲು ಹೇಳಿದರೆ ಎರಡು ದಿನಗಳಲ್ಲಿ ದಾರಿ ತೆರೆಯುತ್ತದೆ.

ಕಾನೂನಿನ ಆಸರೆ

ಹಿಂದೆ ಬಿದ್ದ ಮಗುವಿಗೆ ನೆರವು ನೀಡುವುದು ಶಾಲೆಯ ಔದಾರ್ಯವೆಂದು ಅನೇಕ ಪೋಷಕರು ಭಾವಿಸಿದ್ದಾರೆ. ವಾಸ್ತವದಲ್ಲಿ ಅದು ಶಾಲೆಯ ಶಾಸನಬದ್ಧ ಕರ್ತವ್ಯ. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣ ಹಕ್ಕು ಅಧಿನಿಯಮ, 2009, ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಅನ್ವಯವಾಗುತ್ತದೆ. ಅದರ 24ನೆಯ ಪ್ರಕರಣದ ಪ್ರಕಾರ, ಶಿಕ್ಷಕರು ಪ್ರತಿಯೊಂದು ಮಗುವಿನ ಕಲಿಕೆಯ ಸಾಮರ್ಥ್ಯವನ್ನು ಅಳೆದು, ಅಗತ್ಯವಿದ್ದಲ್ಲಿ ಹೆಚ್ಚುವರಿ ಬೋಧನೆಯನ್ನು ನೀಡತಕ್ಕದ್ದು. ಪೋಷಕರೊಡನೆ ನಿಯತವಾಗಿ ಸಭೆ ನಡೆಸಿ, ಮಗುವಿನ ಹಾಜರಿ, ಕಲಿಯುವ ಸಾಮರ್ಥ್ಯ ಮತ್ತು ಪ್ರಗತಿಯನ್ನು ತಿಳಿಸತಕ್ಕದ್ದು. 28ನೆಯ ಪ್ರಕರಣವು ಶಿಕ್ಷಕರು ಖಾಸಗಿ ಮನೆಪಾಠದಲ್ಲಿ ತೊಡಗುವುದನ್ನು ನಿಷೇಧಿಸುತ್ತದೆ. ಈ ಎರಡನ್ನೂ ಜೊತೆಗಿರಿಸಿ ಓದಿದರೆ ಆಶಯ ಸ್ಪಷ್ಟ: ಶಾಲೆಯಲ್ಲಿ ಕೊಡಬೇಕಾದ ನೆರವನ್ನು ಸಂಜೆ ಶುಲ್ಕ ಪಡೆದು ಮನೆಯಲ್ಲಿ ಕೊಡುವಂತಿಲ್ಲ. ಹಿಂದೆ ಬಿದ್ದ ಮಗುವನ್ನು ಹೊಡೆಯುವುದಾಗಲಿ, ಎಲ್ಲರೆದುರು ಹೀಯಾಳಿಸುವುದಾಗಲಿ 17ನೆಯ ಪ್ರಕರಣದನ್ವಯ ನಿಷಿದ್ಧ; ಮಾನಸಿಕ ಕಿರುಕುಳವೂ ದೈಹಿಕ ಶಿಕ್ಷೆಯಷ್ಟೇ ಅಪರಾಧವೆಂದು ಕಾನೂನು ಪರಿಗಣಿಸಿದೆ.

ಶಾಲೆಯನ್ನೇ ಸೇರದ ಅಥವಾ ನಡುವೆ ಬಿಟ್ಟ ಮಗುವನ್ನು ಅದರ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕೆಂದು 4ನೆಯ ಪ್ರಕರಣ ಹೇಳುತ್ತದೆ. ಹತ್ತು ವರ್ಷದ ಬಾಲಕಿಯನ್ನು ಆರು ವರ್ಷದ ಮಕ್ಕಳ ನಡುವೆ ಕೂರಿಸಿದರೆ ಅವಳು ನಾಚಿಕೆಯಿಂದಲೇ ಶಾಲೆ ಬಿಡುತ್ತಾಳೆ ಎಂಬ ಅನುಭವ ಇದರ ಹಿಂದಿದೆ. ಹಾಗೆ ಸೇರಿದ ಮಗು ಉಳಿದವರ ಸಮಕ್ಕೆ ಬರಲು ‘ವಿಶೇಷ ತರಬೇತಿ’ ಪಡೆಯುವ ಹಕ್ಕುಳ್ಳದ್ದು. ಕೇಂದ್ರದ ನಿಯಮಗಳಂತೆ ಈ ತರಬೇತಿಯ ಅವಧಿ ಕನಿಷ್ಠ ಮೂರು ತಿಂಗಳು, ಗರಿಷ್ಠ ಎರಡು ವರ್ಷ. ಅಧಿನಿಯಮ ಬರುವ ಮುನ್ನವೇ ಕರ್ನಾಟಕದಲ್ಲಿ ‘ಚಿನ್ನರ ಅಂಗಳ’ ಎಂಬ ಹೆಸರಿನ ಸೇತು ಶಿಬಿರಗಳು ಇದೇ ಕೆಲಸವನ್ನು ಮಾಡಿದ್ದವು.

ಅನುತ್ತೀರ್ಣಗೊಳಿಸುವ ವಿಷಯದಲ್ಲಿ ನಿಯಮ ಬದಲಾಗಿದೆ. ಪೋಷಕರು ಇದನ್ನು ವಿಶೇಷವಾಗಿ ಗಮನಿಸಬೇಕು. ಮೂಲ ಅಧಿನಿಯಮದಂತೆ ಎಂಟನೆಯ ತರಗತಿಯವರೆಗೆ ಯಾವ ಮಗುವನ್ನೂ ಅದೇ ತರಗತಿಯಲ್ಲಿ ಉಳಿಸಿಕೊಳ್ಳುವಂತಿರಲಿಲ್ಲ. 2019ರ ತಿದ್ದುಪಡಿಯ ಮೇರೆಗೆ ಐದನೆಯ ಮತ್ತು ಎಂಟನೆಯ ತರಗತಿಗಳ ಕೊನೆಯಲ್ಲಿ ಪರೀಕ್ಷೆ ನಡೆಯುತ್ತದೆ. ಅದರಲ್ಲಿ ಅನುತ್ತೀರ್ಣವಾದ ಮಗುವಿಗೆ ಹೆಚ್ಚುವರಿ ಬೋಧನೆ ನೀಡಿ, ಫಲಿತಾಂಶ ಪ್ರಕಟವಾದ ಎರಡು ತಿಂಗಳೊಳಗೆ ಮರುಪರೀಕ್ಷೆಗೆ ಅವಕಾಶ ಕೊಡಬೇಕು. ಅದರಲ್ಲಿಯೂ ಅನುತ್ತೀರ್ಣವಾದರೆ ಅದೇ ತರಗತಿಯಲ್ಲಿ ಉಳಿಸಿಕೊಳ್ಳಬೇಕೇ ಬೇಡವೇ ಎಂಬುದನ್ನು ಆಯಾ ಸರ್ಕಾರಗಳ ವಿವೇಚನೆಗೆ ಬಿಡಲಾಗಿದೆ. ಕೇಂದ್ರ ಸರ್ಕಾರವು 2024ರ ಡಿಸೆಂಬರಿನಲ್ಲಿ ತನ್ನ ನಿಯಮಗಳನ್ನು ತಿದ್ದಿ, ಕೇಂದ್ರೀಯ ವಿದ್ಯಾಲಯಗಳೇ ಮೊದಲಾದ ತನ್ನ ಅಧೀನದ ಶಾಲೆಗಳಲ್ಲಿ ಉಳಿಸಿಕೊಳ್ಳುವ ಕ್ರಮವನ್ನು ಜಾರಿಗೊಳಿಸಿತು. ದೆಹಲಿ ಮತ್ತು ಮಹಾರಾಷ್ಟ್ರಗಳು 2023ರಲ್ಲಿಯೇ ಈ ಮಾರ್ಗವನ್ನು ಹಿಡಿದಿದ್ದವು. ತಮಿಳುನಾಡು ತನ್ನ ಶಾಲೆಗಳಲ್ಲಿ ಹಳೆಯ ಪದ್ಧತಿಯನ್ನೇ ಮುಂದುವರಿಸುವುದಾಗಿ ಪ್ರಕಟಿಸಿತು. ಕೇಂದ್ರದ ನಿಯಮದಲ್ಲಿ ಎರಡು ಅಂಶಗಳು ಮುಖ್ಯವಾಗಿವೆ. ಉಳಿಸಿಕೊಳ್ಳಲಾದ ಮಗುವಿನ ಕಲಿಕೆಯ ಕೊರತೆಯನ್ನು ಗುರುತಿಸಿ ಮಗುವಿಗೂ ಪೋಷಕರಿಗೂ ಮಾರ್ಗದರ್ಶನ ನೀಡುವುದು ತರಗತಿ ಶಿಕ್ಷಕರ ಹೊಣೆ. ಅಂತಹ ಮಕ್ಕಳ ಪಟ್ಟಿಯನ್ನಿಟ್ಟು ಪ್ರಗತಿಯನ್ನು ಸ್ವತಃ ಗಮನಿಸುವುದು ಮುಖ್ಯೋಪಾಧ್ಯಾಯರ ಹೊಣೆ. ಎಂಟನೆಯ ತರಗತಿ ಮುಗಿಯುವವರೆಗೆ ಯಾವ ಮಗುವನ್ನೂ ಶಾಲೆಯಿಂದ ಹೊರಹಾಕುವಂತಿಲ್ಲ.

ಪರೀಕ್ಷೆ ಮತ್ತು ಮರುಪರೀಕ್ಷೆಯ ನಡುವಿನ ಆ ಎರಡು ತಿಂಗಳುಗಳಲ್ಲಿಯೇ ಇಡೀ ವ್ಯವಸ್ಥೆಯ ಸತ್ತ್ವಪರೀಕ್ಷೆಯಿದೆ. ಆ ಅವಧಿ ಬೇಸಿಗೆಯ ರಜೆಯಲ್ಲಿ ಕರಗಿಹೋದರೆ ಮರುಪರೀಕ್ಷೆ ಬರಿಯ ವಿಧಿಯಾಗುತ್ತದೆ. ಫಲಿತಾಂಶ ಬಂದ ದಿನವೇ “ಹೆಚ್ಚುವರಿ ತರಗತಿ ಯಾವಾಗ, ಯಾರಿಂದ?” ಎಂದು ಕೇಳುವುದು ಪೋಷಕರ ಹಕ್ಕು.

ಮುಂಬಯಿಯಲ್ಲಿ ನಡೆದ ಪ್ರಯೋಗ

ಹೆಚ್ಚುವರಿ ಬೋಧನೆ ಎಂದರೆ ಅದೇ ಪಾಠವನ್ನು ಮತ್ತೊಮ್ಮೆ, ಸ್ವಲ್ಪ ಗಟ್ಟಿಯಾಗಿ ಹೇಳುವುದೆಂಬ ತಪ್ಪು ಕಲ್ಪನೆಯಿದೆ. ಇದನ್ನು ನಿವಾರಿಸಿದ ಮಹತ್ತ್ವದ ಪ್ರಯೋಗವೊಂದು ಮುಂಬಯಿ ಮತ್ತು ವಡೋದರಾ ನಗರಗಳ ಪುರಸಭಾ ಶಾಲೆಗಳಲ್ಲಿ ನಡೆಯಿತು. 1994ರಲ್ಲಿ ಮುಂಬಯಿಯಲ್ಲಿ ಸ್ಥಾಪಿತವಾದ ‘ಪ್ರಥಮ್’ ಸಂಸ್ಥೆಯು, ಹಿಂದೆ ಬಿದ್ದ ಮಕ್ಕಳಿಗಾಗಿ ‘ಬಾಲಸಖಿ’ ಎಂಬ ಯೋಜನೆಯನ್ನು ರೂಪಿಸಿತು. ಬಾಲಸಖಿಯೆಂದರೆ ಅದೇ ವಠಾರದಲ್ಲಿ ವಾಸಿಸುವ, ಪ್ರೌಢಶಾಲೆಯವರೆಗೆ ಓದಿದ ಯುವತಿ. ಅವಳಿಗೆ ಅಲ್ಪಾವಧಿಯ ತರಬೇತಿ ಕೊಟ್ಟು, ಮೂರನೆಯ ಮತ್ತು ನಾಲ್ಕನೆಯ ತರಗತಿಗಳಲ್ಲಿ ಮೂಲ ಓದು-ಲೆಕ್ಕಗಳನ್ನು ಅರಿಯದ ಹದಿನೈದು ಇಪ್ಪತ್ತು ಮಕ್ಕಳನ್ನು ಅವಳ ವಶಕ್ಕೆ ಒಪ್ಪಿಸಲಾಗುತ್ತಿತ್ತು. ನಾಲ್ಕು ಗಂಟೆಯ ಶಾಲಾ ಅವಧಿಯಲ್ಲಿ ಎರಡು ಗಂಟೆ ಅವರು ಅವಳ ಬಳಿ ಕುಳಿತು, ಒಂದನೆಯ ಮತ್ತು ಎರಡನೆಯ ತರಗತಿಗಳಲ್ಲಿ ತಪ್ಪಿಹೋದುದನ್ನು ಕಲಿಯುತ್ತಿದ್ದರು. ಬೇರೆ ಕೋಣೆಯಿಲ್ಲದ ಕಡೆ ಮೊಗಸಾಲೆಯಲ್ಲಿಯೋ ಆಟದ ಬಯಲಿನಲ್ಲಿಯೋ ಕೂರುತ್ತಿದ್ದರು.

2001ರಿಂದ 2003ರವರೆಗೆ ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಅವರ ಸಹೋದ್ಯೋಗಿಗಳು ಈ ಯೋಜನೆಯ ಪರಿಣಾಮವನ್ನು ಅಳೆದರು. (ಇವರಿಬ್ಬರಿಗೂ ಮೈಕೆಲ್ ಕ್ರೆಮರ್ ಅವರೊಡನೆ 2019ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ಸಂದಿತು.) ಬಾಲಸಖಿಯರಿದ್ದ ಶಾಲೆಗಳಲ್ಲಿ ಮಕ್ಕಳ ಸಾಧನೆ ಗಣನೀಯವಾಗಿ ಉತ್ತಮಗೊಂಡಿತ್ತು, ಅತ್ಯಂತ ಹಿಂದೆ ಇದ್ದ ಮಕ್ಕಳಿಗೆ ಅತ್ಯಂತ ಹೆಚ್ಚಿನ ಲಾಭವಾಗಿತ್ತು. ಕುತೂಹಲದ ಸಂಗತಿ ಬೇರೆ. ಹಿಂದೆ ಬಿದ್ದ ಮಕ್ಕಳು ಎದ್ದು ಹೋದ ಮೇಲೆ ಮೂಲ ತರಗತಿಯಲ್ಲಿ ಉಳಿದ ಮಕ್ಕಳ ಸಂಖ್ಯೆ ಕಡಿಮೆಯಾಯಿತಷ್ಟೆ. ಆ ಮಕ್ಕಳ ಕಲಿಕೆಯಲ್ಲಿ ಹೇಳಿಕೊಳ್ಳುವಂತಹ ಏರಿಕೆ ಕಾಣಲಿಲ್ಲ. ಎಂದರೆ, ತರಗತಿಯ ಗಾತ್ರವನ್ನು ಕುಗ್ಗಿಸಿದ ಮಾತ್ರಕ್ಕೆ ಕಲಿಕೆ ಹೆಚ್ಚಲಿಲ್ಲ. ಮಗು ನಿಂತಿರುವ ಮೆಟ್ಟಿಲಿನಿಂದಲೇ ಪಾಠವನ್ನು ಆರಂಭಿಸಿದುದು ಫಲ ನೀಡಿತು.

ಇದರಿಂದ ಬೆಳೆದು ಬಂದ ಕ್ರಮ ಸರಳವಾದುದು. ಮೂರರಿಂದ ಐದನೆಯ ತರಗತಿಯ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕೂರಿಸಿ, ಅಕ್ಷರ, ಪದ, ಚಿಕ್ಕ ಪರಿಚ್ಛೇದ, ಕಥೆ ಎಂದು ಏರುವ ಒಂದೇ ಪುಟದ ಓದುಪಟ್ಟಿಯಿಂದ ಪರೀಕ್ಷಿಸಲಾಗುತ್ತದೆ. ಒಂದು ಮಗುವಿಗೆ ಹಿಡಿಯುವ ಸಮಯ ಕೆಲವೇ ನಿಮಿಷಗಳು. ಆನಂತರ ದಿನಕ್ಕೆ ಒಂದು ಅಥವಾ ಎರಡು ಗಂಟೆ ಕಾಲ ತರಗತಿಯ ಗಡಿಯನ್ನು ಮರೆತು, ಒಂದೇ ಮಟ್ಟದ ಮಕ್ಕಳನ್ನು ಒಂದೆಡೆ ಸೇರಿಸಿ ಕಲಿಸಲಾಗುತ್ತದೆ. ಕೆಲವು ವಾರಗಳ ನಂತರ ಮತ್ತೆ ಪರೀಕ್ಷಿಸಿ, ಮುಂದುವರಿದ ಮಗುವನ್ನು ಮುಂದಿನ ಗುಂಪಿಗೆ ಏರಿಸಲಾಗುತ್ತದೆ. ಗುಂಪು ಬದಲಾಗುತ್ತಲೇ ಇರಬೇಕು. ಬದಲಾಗದ ಗುಂಪು ಕ್ರಮೇಣ ಜಾತಿಯಂತಾಗುತ್ತದೆ.

ಕ್ರಮ ಸರಳವಾದರೂ ಅದನ್ನು ನೆಲೆಗೊಳಿಸುವುದು ಸುಲಭವಾಗಿರಲಿಲ್ಲ. ಉತ್ತರ ಪ್ರದೇಶದ ಜೌನ್‌ಪುರ ಜಿಲ್ಲೆಯಲ್ಲಿ ಸ್ವಯಂಸೇವಕರು ಶಾಲೆಯ ಹೊರಗೆ ಓದುವ ತರಗತಿಗಳನ್ನು ನಡೆಸಿದಾಗ, ಬಂದ ಮಕ್ಕಳು ಓದಲು ಕಲಿತರು. ಆದರೆ ಬಂದವರೇ ಕೆಲವರು. ಬಿಹಾರದಲ್ಲಿ ಸರ್ಕಾರಿ ಶಿಕ್ಷಕರು ಬೇಸಿಗೆಯ ಶಿಬಿರಗಳಲ್ಲಿ ಇದೇ ಕ್ರಮವನ್ನು ಅನುಸರಿಸಿದಾಗ ಉತ್ತಮ ಫಲ ದೊರೆಯಿತು. ಅದೇ ಶಿಕ್ಷಕರಿಗೆ ತರಬೇತಿ ಮತ್ತು ಸಾಮಗ್ರಿಯನ್ನು ಕೊಟ್ಟು ವರ್ಷದ ನಡುವೆ ಪ್ರಯತ್ನಿಸಲು ಹೇಳಿದಾಗ ಪಠ್ಯಕ್ರಮವನ್ನು ಮುಗಿಸುವ ಒತ್ತಡದಲ್ಲಿ ಅದು ಮೂಲೆಗುಂಪಾಯಿತು. ಮುಂದೆ ಹರಿಯಾಣದಲ್ಲಿ ಶಾಲಾ ವೇಳಾಪಟ್ಟಿಯಲ್ಲಿಯೇ ಇದಕ್ಕೆಂದು ಒಂದು ಗಂಟೆಯನ್ನು ಮೀಸಲಿಟ್ಟು, ಮೇಲ್ವಿಚಾರಕರು ಶಾಲೆಗಳಿಗೆ ಹೋಗಿ ಮಾರ್ಗದರ್ಶನ ನೀಡಿದಾಗ ಮಕ್ಕಳ ಭಾಷಾ ಕಲಿಕೆ ಸುಧಾರಿಸಿತು. ವೇಳಾಪಟ್ಟಿಯಲ್ಲಿ ಜಾಗವಿಲ್ಲದ ನೆರವು ಕಾಗದದ ಮೇಲಿನ ನೆರವು ಮಾತ್ರ ಎಂದು ಈ ಲೇಖಕನ ಅಭಿಪ್ರಾಯ.

ರಾಜ್ಯಗಳ ಯೋಜನೆಗಳು

ಕರ್ನಾಟಕದಲ್ಲಿ ಈ ವಿಚಾರಕ್ಕೆ ತನ್ನದೇ ಆದ ಇತಿಹಾಸವಿದೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಿಕ್ಷಕರು ಆಂಧ್ರಪ್ರದೇಶದ ಋಷಿವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿ ಬಂದು, ಯುನಿಸೆಫ್‌ನ ನೆರವಿನಿಂದ ‘ನಲಿ-ಕಲಿ’ಯನ್ನು ಆರಂಭಿಸಿದರು. 2009-10ರ ಹೊತ್ತಿಗೆ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಆರಂಭಿಕ ತರಗತಿಗಳಿಗೆಲ್ಲ ವಿಸ್ತರಿಸಿತು. ಇಲ್ಲಿ ಪಾಠದ ಬದಲು ಕಲಿಕೆಯ ಏಣಿಯಿದೆ. ಮಗು ತನ್ನ ವೇಗದಲ್ಲಿ ಮೆಟ್ಟಿಲುಗಳನ್ನು ಹತ್ತುತ್ತದೆ. ಶಿಕ್ಷಕರ ನೆರವಿನ ತಟ್ಟೆ, ಭಾಗಶಃ ಶಿಕ್ಷಕರ ನೆರವಿನ ತಟ್ಟೆ, ಗೆಳೆಯರ ನೆರವಿನ ತಟ್ಟೆ, ಸ್ವಕಲಿಕೆಯ ತಟ್ಟೆ ಎಂದು ಮಕ್ಕಳು ಬೇರೆ ಬೇರೆ ಗುಂಪುಗಳಲ್ಲಿ ಕುಳಿತುಕೊಳ್ಳುತ್ತಾರೆ. ಜ್ವರ ಬಂದು ಹದಿನೈದು ದಿನ ಮನೆಯಲ್ಲಿದ್ದ ಮಗು ಮರಳಿ ಬಂದಾಗ, ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯಬಹುದು ಎಂಬುದು ಈ ಪದ್ಧತಿಯ ದೊಡ್ಡ ಗುಣ. ಮೇಲಿನ ತರಗತಿಗಳಿಗೆ ಪ್ರತಿ ವರ್ಷದ ಆರಂಭದಲ್ಲಿ ‘ಸೇತುಬಂಧ’ ಕಾರ್ಯಕ್ರಮವಿರುತ್ತದೆ: ಮೊದಲು ನೈದಾನಿಕ ಪರೀಕ್ಷೆ, ಹಿಂದಿನ ವರ್ಷದ ಕೊರತೆಗಳಿಗೆ ಪರಿಹಾರ ಬೋಧನೆ, ಕೊನೆಯಲ್ಲಿ ಸಾಫಲ್ಯ ಪರೀಕ್ಷೆ. ಕೋವಿಡ್‌ನಿಂದಾದ ನಷ್ಟವನ್ನು ತುಂಬಲು 2022-23ನೆಯ ಶೈಕ್ಷಣಿಕ ವರ್ಷವನ್ನು ‘ಕಲಿಕಾ ಚೇತರಿಕೆ’ಯ ವರ್ಷವನ್ನಾಗಿ ಆಚರಿಸಿ, ಒಂದರಿಂದ ಒಂಬತ್ತನೆಯ ತರಗತಿಯವರೆಗೆ ಕಲಿಕಾ ಹಾಳೆಗಳ ಮೂಲಕ ಬೋಧಿಸಲಾಯಿತು.

ರಾಷ್ಟ್ರಮಟ್ಟದಲ್ಲಿ 2021ರ ಜುಲೈ 5ರಂದು ‘ನಿಪುಣ್ ಭಾರತ್’ ಅಭಿಯಾನ ಆರಂಭವಾಯಿತು. ಮೂರನೆಯ ತರಗತಿ ಮುಗಿಯುವುದರೊಳಗೆ ಪ್ರತಿಯೊಂದು ಮಗುವೂ ಅರ್ಥವರಿತು ಓದಬೇಕು, ಮೂಲ ಲೆಕ್ಕಗಳನ್ನು ಮಾಡಬೇಕು ಎಂಬ ಗುರಿಯನ್ನು 2026-27ರೊಳಗೆ ಸಾಧಿಸುವುದು ಅದರ ಸಂಕಲ್ಪ. ಇದೇ ಚೌಕಟ್ಟಿನಲ್ಲಿ ತಮಿಳುನಾಡು 2022ರಲ್ಲಿ ‘ಎಣ್ಣುಂ ಎೞುತ್ತುಂ’ ಯೋಜನೆಯನ್ನು ಆರಂಭಿಸಿ, ಮಕ್ಕಳನ್ನು ಅವರ ಮಟ್ಟಕ್ಕನುಗುಣವಾಗಿ ‘ಅರುಂಬು’, ‘ಮೊಟ್ಟು’, ‘ಮಲರ್’ ಎಂಬ ಮೂರು ಗುಂಪುಗಳಲ್ಲಿರಿಸಿತು; ಮೊಳಕೆ, ಮೊಗ್ಗು, ಹೂವು ಎಂದು ನಾವು ಅರ್ಥಮಾಡಿಕೊಳ್ಳಬಹುದು. ಅದಕ್ಕೂ ಮುನ್ನ, 2021ರಲ್ಲಿ, ‘ಇಲ್ಲಂ ತೇಡಿ ಕಲ್ವಿ’ ಎಂಬ ಯೋಜನೆಯಡಿ ಸ್ವಯಂಸೇವಕರು ಸಂಜೆಯ ವೇಳೆ ಬೀದಿಬೀದಿಗಳಲ್ಲಿ ಒಂದರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಪಾಠ ಹೇಳಿದ್ದರು. ತೆಲಂಗಾಣದಲ್ಲಿ ‘ತೊಲಿ ಮೆಟ್ಟು’ ಎಂಬ ಹೆಸರಿನಿಂದ 2022ರಲ್ಲಿ ಇಂತಹುದೇ ಕಾರ್ಯಕ್ರಮ ಪ್ರಾಥಮಿಕ ತರಗತಿಗಳಲ್ಲಿ ಬಂದಿತು. ದೆಹಲಿಯಲ್ಲಿ 2016ರ ‘ಚುನೌತಿ’ ಯೋಜನೆಯು ಆರರಿಂದ ಎಂಟನೆಯ ತರಗತಿಯ ಮಕ್ಕಳನ್ನು ಓದುವ ಸಾಮರ್ಥ್ಯದ ಮೇಲೆ ವಿಂಗಡಿಸಿತು. 2018ರಲ್ಲಿ ‘ಮಿಷನ್ ಬುನಿಯಾದ್’ ಅದನ್ನು ಕೆಳ ತರಗತಿಗಳಿಗೂ ಕೊಂಡೊಯ್ದಿತು. ದೆಹಲಿಯ ಕ್ರಮದ ಬಗ್ಗೆ ಟೀಕೆಯೂ ಬಂದಿತು: ದಿನವಿಡೀ ಪ್ರತ್ಯೇಕ ವಿಭಾಗದಲ್ಲಿ ಕುಳಿತ ಮಕ್ಕಳಿಗೆ ತಾವು ಕೆಳಗಿನವರೆಂಬ ಮುದ್ರೆ ಬೀಳುತ್ತದೆಯೆಂದು ಶಿಕ್ಷಣತಜ್ಞರು ಎಚ್ಚರಿಸಿದರು. ಈ ಎಚ್ಚರಿಕೆಯನ್ನು ಲಘುವಾಗಿ ಕಾಣುವಂತಿಲ್ಲ. ದಿನದ ಒಂದೆರಡು ಗಂಟೆ ಮಾತ್ರ ಗುಂಪು ಬದಲಿಸಿ, ಉಳಿದ ವೇಳೆ ಎಲ್ಲರೂ ಒಟ್ಟಿಗಿರುವ ಕ್ರಮವೇ ಲೇಸು.

ಹೊರನಾಡಿನ ಕನ್ನಡ ಮಗು

ಕರ್ನಾಟಕದ ಹೊರಗೆ ಬೆಳೆಯುವ ಕನ್ನಡ ಮಗುವಿನ ತೊಡಕು ಕೆಲವು ಅಂಶಗಳಲ್ಲಿ ಭಿನ್ನವಾದುದು. ಅದು ಮನೆಯಲ್ಲಿ ಒಂದು ಭಾಷೆಯನ್ನು, ಬೀದಿಯಲ್ಲಿ ಇನ್ನೊಂದನ್ನು, ಶಾಲೆಯಲ್ಲಿ ಮತ್ತೊಂದನ್ನು ಕೇಳುತ್ತದೆ. ಬಹುಭಾಷೆ ದೋಷವಲ್ಲ, ಸಂಪತ್ತು. ಆದರೆ ಅದರಿಂದ ಹುಟ್ಟುವ ತಪ್ಪುಗಳನ್ನು ಶಿಕ್ಷಕರು ಬುದ್ಧಿಮಾಂದ್ಯವೆಂದು ತಿಳಿಯುವ ಅಪಾಯವುಂಟು. ಪುಣೆಯ ಕನ್ನಡ ಮಗುವೊಂದು ‘ಏಕವೀಸ್’ ಎಂದು ಹೇಳಿದಾಗ 12 ಎಂದು ಬರೆದರೆ ಆಶ್ಚರ್ಯವಿಲ್ಲ. ಮರಾಠಿಯಲ್ಲಿ ಬಿಡಿಯ ಹೆಸರು ಮೊದಲು, ಕನ್ನಡದ ಇಪ್ಪತ್ತೊಂದರಲ್ಲಿ ದಶಕ ಮೊದಲು. (ಈ ತೊಡಕು ಮರಾಠಿ ಮಕ್ಕಳಿಗೂ ಇದೆಯೆಂದು 2019ರಲ್ಲಿ ಮಹಾರಾಷ್ಟ್ರದ ಎರಡನೆಯ ತರಗತಿಯ ಗಣಿತ ಪುಸ್ತಕದಲ್ಲಿ ‘ವೀಸ್ ಏಕ್’ ಎಂದು ಹೇಳುವ ಕ್ರಮವನ್ನು ಸೂಚಿಸಲಾಯಿತು, ಅದು ದೊಡ್ಡ ಚರ್ಚೆಗೆ ಗ್ರಾಸವಾಯಿತು.) ಚೆನ್ನೈಯಲ್ಲಿ ಬೆಳೆದ ಮಗು ಕನ್ನಡದಲ್ಲಿ ‘ಗ’ಕಾರದ ಕಡೆ ‘ಕ’ಕಾರವನ್ನು ಬರೆಯಬಹುದು, ಏಕೆಂದರೆ ತಮಿಳಿನಲ್ಲಿ ಎರಡು ಉಚ್ಚಾರಕ್ಕೂ ಒಂದೇ ಲಿಪಿ. ಹಿಂದಿ ಮತ್ತು ಮರಾಠಿಗಳ ಬರಹದಲ್ಲಿ ಎ-ಏ, ಒ-ಓಗಳ ಭೇದವಿಲ್ಲದ ಕಾರಣ ಮುಂಬಯಿ ದೆಹಲಿಗಳ ಮಕ್ಕಳು ಹ್ರಸ್ವ ದೀರ್ಘಗಳಲ್ಲಿ ಎಡವುತ್ತಾರೆ. ನಾಗರಿಯಲ್ಲಿ ಸಂಯುಕ್ತಾಕ್ಷರದ ಮೊದಲ ವ್ಯಂಜನ ಅರ್ಧವಾಗುತ್ತದೆ. ಕನ್ನಡದಲ್ಲಿ ಎರಡನೆಯದು ಕೆಳಗಿಳಿದು ಒತ್ತಾಗುತ್ತದೆ. ‘ಮರ’, ‘ಕಮಲ’ಗಳನ್ನು ಸಲೀಸಾಗಿ ಓದುವ ಮಗು ‘ಪುಸ್ತಕ’ದಲ್ಲಿ ನಿಂತರೆ ಕಾರಣವನ್ನು ಇಲ್ಲಿ ಹುಡುಕಬೇಕು.

ಸಂವಿಧಾನದ 350ಎ ಅನುಚ್ಛೇದವು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಬೋಧಿಸಲು ಸೌಲಭ್ಯವನ್ನು ಕಲ್ಪಿಸುವಂತೆ ರಾಜ್ಯಗಳಿಗೆ ಹೇಳುತ್ತದೆ. ಬೃಹನ್ಮುಂಬಯಿ ಮಹಾನಗರಪಾಲಿಕೆ ನಡೆಸುವ ಶಾಲೆಗಳ ಮಾಧ್ಯಮಗಳಲ್ಲಿ ಕನ್ನಡವೂ ಒಂದು. ಸೊಲ್ಲಾಪುರ, ಸಾಂಗಲಿ ಜಿಲ್ಲೆಗಳ ಗಡಿಭಾಗದಲ್ಲಿ ಕನ್ನಡ ಶಾಲೆಗಳಿವೆ. ಅಲ್ಲಿ ಓದುವ ಮಗುವಿಗೆ ಪರಿಹಾರ ಬೋಧನೆಯೂ ಕನ್ನಡದಲ್ಲಿಯೇ ಸಿಗಬೇಕೆಂದು ಪೋಷಕರು ಕೇಳಬಹುದು. ಬೇರೆ ಮಾಧ್ಯಮದಲ್ಲಿ ಓದುವ ಮಗುವಿಗೆ ಮನೆಯಲ್ಲಿ ಕನ್ನಡವನ್ನು ಓದಿಸಿದರೆ ಶಾಲೆಯ ಭಾಷೆಗೆ ಅಡ್ಡಿಯಾಗುತ್ತದೆಂಬ ಭಯಕ್ಕೆ ಆಧಾರವಿಲ್ಲ. ಬಲ್ಲ ಭಾಷೆಯಲ್ಲಿ ಅರ್ಥವರಿತು ಓದುವುದನ್ನು ಒಮ್ಮೆ ಕಲಿತ ಮಗುವಿಗೆ ಎರಡನೆಯ ಲಿಪಿ ಬೇಗನೆ ಕೈವಶವಾಗುತ್ತದೆ.

ಒಂದು ಸೂಕ್ಷ್ಮವನ್ನು ಇಲ್ಲಿ ಹೇಳಬೇಕು. ಕನ್ನಡ ಸಂಘಗಳು ಹೊರರಾಜ್ಯಗಳಲ್ಲಿ ನಡೆಸುವ ಶಾಲೆ ಭಾಷಾ ಅಲ್ಪಸಂಖ್ಯಾತ ಸಂಸ್ಥೆಯೆಂಬ ಮಾನ್ಯತೆಯನ್ನು ಪಡೆದಿದ್ದರೆ, 2014ರ ಸರ್ವೋಚ್ಚ ನ್ಯಾಯಾಲಯದ ತೀರ್ಪಿನಂತೆ ಮೇಲಿನ ಅಧಿನಿಯಮ ಅದಕ್ಕೆ ಅನ್ವಯವಾಗುವುದಿಲ್ಲ. 2025ರ ಸೆಪ್ಟೆಂಬರಿನಲ್ಲಿ ಅದೇ ನ್ಯಾಯಾಲಯದ ದ್ವಿಸದಸ್ಯ ಪೀಠವೊಂದು ಈ ತೀರ್ಪಿನ ಬಗ್ಗೆ ಸಂದೇಹವನ್ನು ವ್ಯಕ್ತಪಡಿಸಿ, ವಿಸ್ತೃತ ಪೀಠದ ಪರಿಶೀಲನೆಗೆ ಪ್ರಸ್ತಾಪಿಸಿತು. ಅಂತಹ ಶಾಲೆಗಳಲ್ಲಿ ಪೋಷಕರು ಆಡಳಿತ ಮಂಡಲಿಯೊಡನೆ ನೇರವಾಗಿ ಮಾತನಾಡುವುದು ಉಚಿತ.

ಬೋಧನೆಯೊಂದೇ ಸಾಲದಿದ್ದಾಗ

ಉತ್ತಮ ಪರಿಹಾರ ಬೋಧನೆಯ ನಂತರವೂ ಮಗು ಮುಂದುವರಿಯದಿದ್ದರೆ ಮೊದಲು ದೃಷ್ಟಿಯನ್ನು ಮತ್ತು ಶ್ರವಣವನ್ನು ಪರೀಕ್ಷಿಸಬೇಕು. 2013ರಿಂದ ಜಾರಿಯಲ್ಲಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ವೈದ್ಯರ ತಂಡಗಳು ಸರ್ಕಾರಿ ಹಾಗೂ ಅನುದಾನಿತ ಶಾಲೆಗಳಲ್ಲಿ ಉಚಿತ ತಪಾಸಣೆ ನಡೆಸುತ್ತವೆ. ಕರಿಹಲಗೆ ಕಾಣದ ಮಗುವಿಗೆ ಒಂದು ಕನ್ನಡಕವೇ ದೊಡ್ಡ ಪರಿಹಾರ.

ಕಣ್ಣು ಕಿವಿ ಚೆನ್ನಾಗಿದ್ದು, ಮಾತಿನಲ್ಲಿ ಚುರುಕಾಗಿದ್ದು, ಓದು ಬರಹ ಅಥವಾ ಲೆಕ್ಕದಲ್ಲಿ ಮಾತ್ರ ನಿರಂತರವಾಗಿ ತೊಡಕು ಪಡುವ ಮಕ್ಕಳಲ್ಲಿ ‘ನಿರ್ದಿಷ್ಟ ಕಲಿಕಾ ನ್ಯೂನತೆ’ ಇರಬಹುದು. ಡಿಸ್ಲೆಕ್ಸಿಯಾ ಎಂಬುದು ಇದರ ಒಂದು ಬಗೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮವು ಗುರುತಿಸಿದ 21 ನ್ಯೂನತೆಗಳಲ್ಲಿ ಇದು ಸೇರಿದೆ. ಪ್ರಮಾಣಪತ್ರವನ್ನು ಪಡೆದ ವಿದ್ಯಾರ್ಥಿಗೆ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರೆಯುವವರ ಸಹಾಯ ಮೊದಲಾದ ರಿಯಾಯಿತಿಗಳು ದೊರೆಯುತ್ತವೆ. ಮುಂಬಯಿಯ ಸಯನ್‌ನಲ್ಲಿರುವ ಲೋಕಮಾನ್ಯ ತಿಲಕ್ ಆಸ್ಪತ್ರೆಯಲ್ಲಿ ಇದಕ್ಕಾಗಿಯೇ ಚಿಕಿತ್ಸಾಲಯವಿದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಇಂತಹ ಮಕ್ಕಳನ್ನು ಪರೀಕ್ಷಿಸುವ ಕ್ರಮವೊಂದನ್ನು ರೂಪಿಸಿದೆ. ಆದರೆ ಶಾಲೆಯ ಭಾಷೆಯನ್ನು ಇನ್ನೂ ಅರಿಯದ ಮಗುವಿನಲ್ಲಿ ನ್ಯೂನತೆಯಿದೆಯೆಂದು ಅವಸರದಿಂದ ತೀರ್ಮಾನಿಸಬಾರದು. ಮಗುವಿನ ಮನೆಮಾತು ಕನ್ನಡವೆಂಬುದನ್ನು ಪರೀಕ್ಷಕರಿಗೆ ಮೊದಲೇ ತಿಳಿಸಬೇಕು.

ಹದಿನಾಲ್ಕು ದಾಟಿದವರಿಗೆ, ಒಂಬತ್ತು ಹತ್ತನೆಯ ತರಗತಿಗಳಲ್ಲಿ ಪದೇ ಪದೇ ಅನುತ್ತೀರ್ಣರಾದವರಿಗೆ, ರಾಷ್ಟ್ರೀಯ ಮುಕ್ತ ವಿದ್ಯಾಲಯ ಶಿಕ್ಷಣ ಸಂಸ್ಥೆಯ ದಾರಿಯಿದೆ. 1989ರಲ್ಲಿ ರಾಷ್ಟ್ರೀಯ ಮುಕ್ತ ಶಾಲೆಯಾಗಿ ಆರಂಭವಾದ ಈ ಸಂಸ್ಥೆಯಲ್ಲಿ ಐದು ವರ್ಷಗಳ ಅವಧಿಯಲ್ಲಿ ಒಂಬತ್ತು ಬಾರಿ ಪರೀಕ್ಷೆಗೆ ಕೂರಬಹುದು. ಒಂದೊಂದೇ ವಿಷಯದಲ್ಲಿ ಉತ್ತೀರ್ಣರಾಗುತ್ತ ಹೋಗಬಹುದು. ಎಲ್ಲ ವಿಷಯಗಳನ್ನೂ ಒಂದೇ ವಾರದಲ್ಲಿ ಎದುರಿಸಲಾರದ, ದುಡಿಯುತ್ತ ಓದುವ ತರುಣ ತರುಣಿಯರಿಗೆ ಇದು ಅನುಕೂಲ.

ಪೋಷಕರು ಕೇಳಬೇಕಾದುದು

ತಮ್ಮ ಮಗು ಹಿಂದೆ ಬಿದ್ದಿದೆಯೇ ಎಂದು ತಿಳಿಯಲು ಪೋಷಕರಿಗೆ ವಿದ್ಯೆ ಬೇಕಿಲ್ಲ. ಪಾಠ ಮಾಡಿರದ ಕಥೆಪುಸ್ತಕದ ಪುಟವೊಂದನ್ನು ಓದಿಸಿ, “ಇದರಲ್ಲಿ ಏನಾಯಿತು ಹೇಳು” ಎಂದು ಕೇಳಿದರೆ ಸಾಕು. ಅಂಗಡಿಯಿಂದ ಬಂದ ಚಿಲ್ಲರೆಯ ಲೆಕ್ಕವನ್ನು ಮಗುವಿನಿಂದಲೇ ಮಾಡಿಸಬಹುದು. ಕೊರತೆ ಕಂಡರೆ ಶಿಕ್ಷಕರನ್ನು ಭೇಟಿಯಾದಾಗ “ನಮ್ಮ ಮಗ ಹೇಗಿದ್ದಾನೆ?” ಎಂದು ಕೇಳುವುದಕ್ಕಿಂತ, ಅವನು ಯಾವ ತರಗತಿಯ ಪಾಠವನ್ನು ತಾನೇ ಓದಬಲ್ಲ, ಎಲ್ಲಿ ನಿಲ್ಲುತ್ತಾನೆ, ಅದಕ್ಕಾಗಿ ದಿನದ ಯಾವ ಗಂಟೆಯಲ್ಲಿ ಏನು ಕಲಿಸಲಾಗುತ್ತಿದೆ, ಮತ್ತೆ ಪರೀಕ್ಷಿಸುವುದು ಯಾವಾಗ ಎಂದು ಕೇಳುವುದು ಪ್ರಯೋಜನಕರ. ಅರವತ್ತು ಮಕ್ಕಳ ಹೊಣೆ ಹೊತ್ತ ಶಿಕ್ಷಕರಿಗೂ ಇಂತಹ ಪ್ರಶ್ನೆಗೆ ಉತ್ತರಿಸುವುದು ಸುಲಭ.

ಸರ್ಕಾರಿ ಶಾಲೆಗಳಲ್ಲಿ ಶಾಲಾ ವ್ಯವಸ್ಥಾಪನ ಸಮಿತಿಯಿರುತ್ತದೆ. ಅದರ ಸದಸ್ಯರಲ್ಲಿ ನಾಲ್ಕರಲ್ಲಿ ಮೂರು ಪಾಲು ಪೋಷಕರೇ ಇರಬೇಕು, ಅರ್ಧದಷ್ಟು ಮಹಿಳೆಯರಿರಬೇಕು. ಪರಿಹಾರ ಬೋಧನೆ ನಡೆಯುತ್ತಿಲ್ಲವೆಂದರೆ ಮೊದಲು ಅಲ್ಲಿ ಪ್ರಸ್ತಾಪಿಸಬೇಕು. ಊರು ಬದಲಿಸುವ ಕುಟುಂಬಗಳು ನೆನಪಿಡಬೇಕಾದ ಮಾತೊಂದು: ವರ್ಗಾವಣೆ ಪತ್ರ ತಡವಾಯಿತೆಂಬ ಕಾರಣಕ್ಕೆ ಹೊಸ ಶಾಲೆಯು ಪ್ರವೇಶವನ್ನು ನಿರಾಕರಿಸುವಂತಿಲ್ಲ, ವಿಳಂಬಿಸುವಂತೆಯೂ ಇಲ್ಲ. ಶಾಲೆಯಲ್ಲಿ ಪರಿಹಾರ ಸಿಗದಿದ್ದರೆ 32ನೆಯ ಪ್ರಕರಣದಂತೆ ಸ್ಥಳೀಯ ಪ್ರಾಧಿಕಾರಕ್ಕೆ, ನಗರಗಳಲ್ಲಿ ಸಾಮಾನ್ಯವಾಗಿ ಪುರಸಭೆ ಅಥವಾ ಮಹಾನಗರಪಾಲಿಕೆಗೆ, ಲಿಖಿತ ದೂರನ್ನು ಸಲ್ಲಿಸಬಹುದು. ಪ್ರಾಧಿಕಾರವು ಎರಡೂ ಕಡೆಯವರ ಮಾತನ್ನು ಕೇಳಿ ಮೂರು ತಿಂಗಳೊಳಗೆ ತೀರ್ಮಾನಿಸಬೇಕು. ಆ ತೀರ್ಮಾನ ಸಮಾಧಾನ ತರದಿದ್ದರೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ ಸಲ್ಲಿಸಬಹುದು. ದೂರಿನ ಪ್ರತಿಗೆ ದಿನಾಂಕದೊಡನೆ ಸ್ವೀಕೃತಿಯ ಮೊಹರನ್ನು ಹಾಕಿಸಿಕೊಂಡು ಮನೆಯಲ್ಲಿಟ್ಟುಕೊಳ್ಳಬೇಕು. ಮೂರು ತಿಂಗಳ ಲೆಕ್ಕಕ್ಕೆ ಆ ದಿನಾಂಕವೇ ಆಧಾರ.